ಮೊದಲು ಮರ, ಆಮೇಲೆ ಗೋಡೆ

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಗಳದ್ದು. ಮನೆಯ ಮರಕ್ಕೂ ಗೋಡೆಗೂ ಹೊಂದುತ್ತಿಲ್ಲ. ನಾನು ಪಾಲಿಶ್ ಕೆಲಸ ಕಲಿತು ಆಮೇಲೆ ಪೇಂಟಿಂಗ್‌ಗೆ ಬಂದವನು. ಹಾಗಾಗಿ ನನ್ನ ತೀರ್ಪು ಸ್ವಲ್ಪ ಮರದ ಕಡೆಗೇ ವಾಲುತ್ತದೆ. ಅದನ್ನು ತಿಳಿದುಕೊಂಡೇ ಓದಿ.

ಪ್ರಶ್ನೆ: ಹಾಲ್‌ನಲ್ಲಿ ಬಾಗಿಲು, ಬಾಗಿಲವಾಡ, ಟಿವಿ ಕಪಾಟು ಎಲ್ಲ ತೇಗದ್ದು. ಗೋಡೆಗೆ ತಿಳಿ ಬೂದು ಬಣ್ಣ ಹೊಡೆಸಿದೆವು. ಶೇಡ್ ಕಾರ್ಡ್‌ನಲ್ಲಿ ತುಂಬಾ ಚೆನ್ನಾಗಿತ್ತು. ಈಗ ಗೋಡೆ ನೀಲಿಯಾಗಿ ಕಾಣುತ್ತಿದೆ, ಮರ ಕಿತ್ತಳೆ ಬಣ್ಣಕ್ಕೆ ತಿರುಗಿದಂತಿದೆ. ಬಣ್ಣ ಬೆರೆಸುವಾಗ ತಪ್ಪಾಗಿದೆಯೇ?

ಉತ್ತರ: ಸುಮ್ನೆ ಪೇಂಟರನ್ನು ಬೈಯಬೇಡಿ. ಡಬ್ಬದಲ್ಲಿ ಬಂದದ್ದು ನೀವು ಆರಿಸಿದ ಬೂದು ಬಣ್ಣವೇ ಇರಬೇಕು. ಅದರ ಪಕ್ಕದಲ್ಲಿ ಯಾವ ಬಣ್ಣ ಬಂತು ಅನ್ನುವುದರಲ್ಲಿದೆ ತಕರಾರು.

ಇದು ಹಳೆಯ ಕಥೆ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗವನ್ನು ಮಿಶೆಲ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲು ಪೇಲವವಾಗಿದೆ ಅಂತ ಅವರಿಗೆ ದೂರು ಬಂತು. ಬೇರೆ ಕಡೆಯ ಕಪ್ಪು ನೂಲಿನ ಜೊತೆ ಹೋಲಿಸಿ ನೋಡಿದರು. ವ್ಯತ್ಯಾಸವೇ ಇರಲಿಲ್ಲ. ನೀಲಿ, ನೇರಳೆ ನೂಲಿನ ಪಕ್ಕ ನೇಯ್ದಾಗ ಮಾತ್ರ ಆ ಕಪ್ಪು ಕಳೆಗುಂದುತ್ತಿತ್ತು. ಅಕ್ಕಪಕ್ಕ ಇಟ್ಟ ಎರಡು ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಅಂದರೆ ಅವುಗಳ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ ಎಂಬುದನ್ನು ಅವರು 1839ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದರು. ಕಿತ್ತಳೆಗೆ ಎದುರಾಳಿ ಬಣ್ಣ ನೀಲಿ. ತೇಗದ ಒಳಗೆ ಹಳದಿ-ಕಿತ್ತಳೆ ಇದೆ. ನಿಮ್ಮ ಬೂದಿನಲ್ಲಿ ಚೂರು ನೀಲಿ ಇತ್ತು. ಶೇಡ್ ಕಾರ್ಡ್‌ನಲ್ಲಿ ಅಡಗಿ ಕೂತಿದ್ದ ನೀಲಿಯನ್ನು ತೇಗ ಹೊರಗೆಳೆದಿದೆ, ಅಷ್ಟೇ.

ಈಗ ಏನು ಮಾಡುವುದು? ಮೊದಲು ಬಲ್ಬ್ ನೋಡಿ. ಅದರ ಮೇಲೆ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಬರೆದಿದ್ದರೆ ಅದು ನೀಲಿ ಛಾಯೆಯ ಬೆಳಕು. ಹಳದಿ ಛಾಯೆಯ 3000 ಕೆ ಬಲ್ಬ್ ಹಾಕಿ ನೋಡಿ. ರಾತ್ರಿ ಮಟ್ಟಿಗಾದರೂ ಗೋಡೆಯ ಬಿಗು ಇಳಿಯುತ್ತದೆ. ಗೋಡೆ ಬದಲಿಸುವುದಕ್ಕಿಂತ ಬಲ್ಬ್ ಬದಲಿಸುವುದು ಸುಲಭ ಅಲ್ವಾ? ಹಗಲಿನಲ್ಲೂ ಕಿರಿಕಿರಿ ಅನಿಸಿದರೆ ಮತ್ತೆ ಬಣ್ಣ ಹೊಡೆಸದೆ ದಾರಿಯಿಲ್ಲ. ಬೂದೇ ಬೇಕು ಅಂದರೆ ಕಂದು ಬೆರೆತ ಬೂದು ಆರಿಸಿ. ನನ್ನನ್ನು ಕೇಳಿದರೆ ತೇಗಕ್ಕೆ ಮಾಸಲು ಹಸಿರು ಚೆಂದ. ಎಲ್ಲರೂ ಹೇಳುವ ಕೆನೆ ಬಣ್ಣ ನನಗೆ ಅಷ್ಟಕ್ಕಷ್ಟೇ. ಹಳದಿಯ ಪಕ್ಕ ಹಳದಿ ಬಂದು ಮರ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಈ ಸಲ ಬಣ್ಣ ಆರಿಸುವ ಮೊದಲು ಮರವನ್ನು ಸರಿಯಾಗಿ ನೋಡಿ. ಒಂದು ಅಚ್ಚ ಬಿಳಿ ಹಾಳೆಯನ್ನು ಬಾಗಿಲಿಗೆ ತಾಗಿಸಿ ಹಿಡಿಯಿರಿ. ಮರದ ಕಪ್ಪು ಗೆರೆಗಳನ್ನು ಬಿಡಿ, ಅವುಗಳ ನಡುವಿನ ತಿಳಿ ಭಾಗ ನೋಡಿ. ಕಂದು ಅಂದುಕೊಂಡಿದ್ದರ ಒಳಗೆ ಹಳದಿ ಇದೆಯೋ, ಕೆಂಪಿದೆಯೋ, ನೇರಳೆ ಇದೆಯೋ ಅಂತ ಆಗ ಗೊತ್ತಾಗುತ್ತದೆ. ಮಹಾಗನಿಯಲ್ಲಿ ಕೆಂಪು, ಬೀಟೆಯಲ್ಲಿ ನೇರಳೆ, ಹೊಸದಾಗಿ ಕೊಯ್ದ ಹಲಸಿನಲ್ಲಿ ಅಚ್ಚ ಹಳದಿ.

ಆಮೇಲೆ ಬಣ್ಣದ ಚಿಕ್ಕ ಡಬ್ಬ ತಂದು ದೊಡ್ಡದೊಂದು ಬಿಳಿ ರಟ್ಟಿಗೆ ಎರಡು ಕೋಟ್ ಬಳಿಯಿರಿ. ಅಂಚಿನಲ್ಲಿ ಸ್ವಲ್ಪ ಬಿಳಿ ಬಿಡಿ. ಗೋಡೆಗೇ ಬಳಿದರೆ ಸುತ್ತಲಿನ ಹಳೆ ಬಣ್ಣ ಕಣ್ಣಿಗೆ ಮತ್ತೆ ಮೋಸ ಮಾಡುತ್ತದೆ. ರಟ್ಟನ್ನು ಬಾಗಿಲವಾಡದ ಪಕ್ಕ ನಿಲ್ಲಿಸಿ ನೋಡಿ, ಮೇಜಿನ ಮೇಲೆ ಮಲಗಿಸಿ ಅಲ್ಲ. ಮಲಗಿಸಿದರೆ ಬೆಳಕು ಬೀಳುವ ರೀತಿಯೇ ಬೇರೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ ನೋಡಿ.

ಪ್ರಶ್ನೆ: ನಮ್ಮ ಕಪಾಟುಗಳಿಗೆ ಕನ್ನಡಿಯಂತೆ ಹೊಳೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್ ಇದೆ. ಗೋಡೆಗೂ ಹೊಳಪಿನ ಪೇಂಟ್ ಹಾಕಿಸಲೇ?

ಉತ್ತರ: ಬೇಡ. ಒಂದು ಕೋಣೆಯಲ್ಲಿ ಹೊಳೆಯುವುದು ಒಂದೇ ಇರಲಿ. ಮರ ಹೊಳೆಯುತ್ತಿದೆ, ಗೋಡೆ ಮ್ಯಾಟ್, ಅಂದರೆ ಹೊಳಪಿಲ್ಲದ್ದು ಇರಲಿ. ಇನ್ನೊಂದು ಕಾರಣವೂ ಇದೆ. ಹೊಳಪಿನ ಪೇಂಟ್ ಪುಟ್ಟಿಯ ಒಂದೊಂದು ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಗೋಡೆಯಲ್ಲಂತೂ ಕೇಳಲೇಬೇಡಿ. ಮ್ಯಾಟ್‌ಗೆ ಕೈ ಕಲೆ ಬೇಗ ಹಿಡಿಯುತ್ತದೆ ಅನ್ನುವುದು ನಿಜ. ಮಕ್ಕಳಿರುವ ಮನೆಗೆ ತೊಳೆಯಬಹುದಾದ ಮ್ಯಾಟ್ ಕೇಳಿ. ಅಡುಗೆಮನೆ, ಬಚ್ಚಲುಮನೆಗೆ ತುಸುವೇ ಹೊಳೆಯುವ ಸ್ಯಾಟಿನ್ ಸರಿ. ನೆನಪಿಡಿ, ಒಂದೇ ಶೇಡ್ ಮ್ಯಾಟ್‌ನಲ್ಲಿ ಸ್ವಲ್ಪ ತಿಳಿಯಾಗಿ, ಹೊಳಪಿನಲ್ಲಿ ಸ್ವಲ್ಪ ಗಾಢವಾಗಿ ಕಾಣುತ್ತದೆ. ರಟ್ಟಿನ ಪರೀಕ್ಷೆಯನ್ನೂ ನೀವು ಗೋಡೆಗೆ ಹಾಕಿಸುವ ಫಿನಿಶ್‌ನಲ್ಲೇ ಮಾಡಿ.

ಪ್ರಶ್ನೆ: ಹಳೆಯ ಬಾಗಿಲನ್ನು ಉಜ್ಜಿಸಿ ವಾಟರ್ ಬೇಸ್ ಬಿಳಿ ಪೇಂಟ್ ಹೊಡೆಸಿದೆವು. ಕಂದು ಕಲೆಗಳು ಎದ್ದಿವೆ. ಮೇಲೆ ಇನ್ನೊಂದು ಕೋಟ್ ಹಾಕಿದರೂ ಮತ್ತೆ ಬಂದವು. ತೇವ ಇರಬಹುದೇ?

ಉತ್ತರ: ತೇವಕ್ಕಿಂತ ಮರದ ಒಗರಿನ ಮೇಲೆಯೇ ನನಗೆ ಅನುಮಾನ. ಅನೇಕ ಮರಗಳಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಇರುತ್ತದೆ. ಅದು ನೀರಿನಲ್ಲಿ ಕರಗುತ್ತದೆ. ನೀರಿನ ಪೇಂಟ್ ಬಳಿದಾಗ ಅದರಲ್ಲೇ ಕರಗಿ ಮೇಲೆ ಬರುತ್ತದೆ, ಪೇಂಟ್ ಒಣಗಿದಾಗ ಕಲೆಯಾಗಿ ಉಳಿಯುತ್ತದೆ. ಕಲೆಯ ಆಕಾರ ನೋಡಿ. ಹರಡಿಕೊಂಡು ಉದ್ದುದ್ದ ಇದ್ದರೆ ಟ್ಯಾನಿನ್. ದುಂಡಗೆ ಒಂದೇ ಕಡೆ ಹಳದಿ-ಕಂದು ಇದ್ದರೆ ಅದರ ಕೆಳಗೆ ಮರದ ಗಂಟಿದೆ, ಅದರಿಂದ ಅಂಟು ಒಸರುತ್ತಿದೆ. ಪೈನ್ ಮರದಲ್ಲಿ ಇದು ಜಾಸ್ತಿ.

ಹತ್ತು ಕೋಟ್ ಹಾಕಿದರೂ ಇದು ನಿಲ್ಲುವುದಿಲ್ಲ. ಕಲೆಯಿದ್ದ ಕಡೆ ಹಗುರಾಗಿ ಉಜ್ಜಿ, ಅರಗಿನಿಂದ ಮಾಡಿದ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಿಳಿ ಹೊಡೆಯಬೇಕು. ಶೆಲ್ಯಾಕ್ ಪ್ರೈಮರ್ ಅಂತ ಕೇಳಿದರೆ ಕೊಡುತ್ತಾರೆ. ಬಾಗಿಲು ಬಹಳ ಹಳೆಯದಾದರೆ, ಅಡಿಯ ಪೇಂಟ್‌ನಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗ ಉಜ್ಜಿ ದೂಳು ಎಬ್ಬಿಸಬೇಡಿ. ಮಕ್ಕಳು, ಗರ್ಭಿಣಿಯರು ಆ ಹತ್ತಿರ ಇರಲೇಬಾರದು.

ಎಣ್ಣೆ ಪೇಂಟ್ ಹಾಕಿದರೆ ಈ ತೊಂದರೆ ಕಡಿಮೆಯಾದೀತು. ಆದರೆ ಬಿಳಿ ಎಣ್ಣೆ ಪೇಂಟ್ (ಎನಾಮಲ್) ಕಾಲಕ್ರಮೇಣ ಹಳದಿಯಾಗುತ್ತದೆ, ಅದೂ ಬೆಳಕು ಬೀಳದ ಕಡೆ ಹೆಚ್ಚು. ಕಪಾಟಿನ ಬಾಗಿಲಿನ ಒಳಬದಿ ಹೊರಬದಿಗಿಂತ ಮೊದಲು ಹಳದಿಯಾಗುವುದನ್ನು ನೀವೂ ನೋಡಿರಬಹುದು.

ಪ್ರಶ್ನೆ: ಅಜ್ಜಿಯ ಬೀಟೆ ಮಂಚ ಇದೆ. ಕೋಣೆ ಕತ್ತಲೆ. ಗೋಡೆ ಅಚ್ಚ ಬಿಳಿ ಮಾಡಲೇ, ಮಂಚಕ್ಕೆ ತಿಳಿ ಪಾಲಿಶ್ ಮಾಡಿಸಲೇ?

ಉತ್ತರ: ಮಂಚ ಮುಟ್ಟಬೇಡಿ. ಪಾಲಿಶ್‌ನಿಂದ ಮರವನ್ನು ಗಾಢ ಮಾಡಬಹುದು, ತಿಳಿ ಮಾಡಲು ಆಗುವುದಿಲ್ಲ. ಹಳೆ ಪಾಲಿಶ್ ಯಾವುದು ಅಂತ ತಿಳಿಯಲು ಕೆಳಗೆ ಕಾಣದ ಕಡೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ಹಿಡಿಯಿರಿ. ಅಂಟಂಟಾಗಿ ಹತ್ತಿಗೆ ಬಣ್ಣ ಹತ್ತಿದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಹಾಗಿದ್ದರೆ ಎಲ್ಲ ಕೆರೆದು ತೆಗೆಯಬೇಕಿಲ್ಲ. ಹೊಸ ಕೋಟ್ ಹಳೆಯದರ ಜೊತೆ ಕರಗಿ ಸೇರಿಕೊಳ್ಳುತ್ತದೆ.

ಗೋಡೆಗೆ ಅಚ್ಚ ಬಿಳಿ ಬೇಡ. ಬೀಟೆ ಆಗ ಕಪ್ಪಾಗಿ ಕಾಣುತ್ತದೆ, ಅದರ ನೇರಳೆ ಗೆರೆಗಳೆಲ್ಲ ಮುಳುಗಿ ಹೋಗುತ್ತವೆ. ಬಿಳಿಯಲ್ಲಿ ಒಂದು ಚೂರು ಮಣ್ಣಿನ ಛಾಯೆ ಇರಲಿ. ಸೀಲಿಂಗ್‌ಗೂ ಅದೇ ಬಣ್ಣ ಹಾಕಿಸಿ. ಮರದ ಮೇಲೆ ಬೆಳಕು ಬೀಳುವಂತೆ ಮಂಚದ ತಲೆಯ ಹತ್ತಿರ ಒಂದು ದೀಪ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ತೇಗದ ಬಾಗಿಲಿಗೆ ತಕ್ಕ ಹಾಗೆ ಅದೇ ಬಣ್ಣದ ಲ್ಯಾಮಿನೇಟ್ ಹುಡುಕುತ್ತಿದ್ದೇವೆ. ಸಿಗುತ್ತಿಲ್ಲ.

ಉತ್ತರ: ಸಿಗದಿದ್ದುದು ಒಳ್ಳೆಯದೇ. ಬೆಳಕು ಬಿದ್ದು ತೇಗದ ಬಣ್ಣ ಬದಲಾಗುತ್ತಾ ಹೋಗುತ್ತದೆ, ಲ್ಯಾಮಿನೇಟ್ ಅದಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಇಂದು ಹೊಂದಿದ್ದು ಮುಂದೆ ಹೊಂದುವುದಿಲ್ಲ. ಬೇಕೆಂದೇ ಬೇರೆ ಬಣ್ಣ ಆರಿಸಿ.

ಪ್ರಶ್ನೆ: ಮನೆ ಕೆಲಸ ಮುಗಿಯುತ್ತಾ ಬಂದಿದೆ. ಪಾಲಿಶ್ ಮೊದಲೋ, ಪೇಂಟ್ ಮೊದಲೋ?

ಉತ್ತರ: ಗೋಡೆಗೆ ಪುಟ್ಟಿ, ಪ್ರೈಮರ್, ಒಂದು ಕೋಟ್ ತನಕ ಆಗಲಿ. ಆಮೇಲೆ ಮರ ಉಜ್ಜಿ ಪಾಲಿಶ್. ಗೋಡೆಯ ಕೊನೆ ಕೋಟ್ ಎಲ್ಲಕ್ಕಿಂತ ಕೊನೆಗೆ. ಉಜ್ಜುವ ದೂಳು ಒಳ್ಳೆಯ ಗೋಡೆಯ ಮೇಲೆ ಕೂರುವುದು ತಪ್ಪುತ್ತದೆ ಅನ್ನುವುದು ಒಂದು. ಪಾಲಿಶ್ ಆಗುವ ತನಕ ಮರದ ನಿಜವಾದ ಬಣ್ಣ ಯಾರಿಗೂ ಗೊತ್ತಿರುವುದಿಲ್ಲ ಅನ್ನುವುದು ಇನ್ನೊಂದು. ಗೋಡೆಯ ಬಣ್ಣ ಈಗಲೇ ಗೊತ್ತು ಮಾಡಬೇಕಿದ್ದರೆ, ಪಾಲಿಶ್ ಆಗದ ಮರದ ಮೇಲೆ ಒದ್ದೆ ಬಟ್ಟೆ ಒರೆಸಿ. ಆ ಕ್ಷಣಕ್ಕೆ ಕಾಣುವ ಬಣ್ಣ ಕ್ಲಿಯರ್ ಪಾಲಿಶ್‌ನ ಬಣ್ಣಕ್ಕೆ ಹತ್ತಿರ ಇರುತ್ತದೆ. ಹಾಗೆ ಒರೆಸಿದ ಕಡೆ ನಾರು ಎದ್ದರೆ, ಒಣಗಿದ ಮೇಲೆ ಸ್ಯಾಂಡ್ ಪೇಪರಿನಿಂದ ನಾರಿನ ಗುಂಟ ಉಜ್ಜಿದರೆ ಸಾಕು. ಅಡ್ಡ ಉಜ್ಜಿದರೆ ಗೀರುಗಳು ಪಾಲಿಶ್ ಒಳಗಿಂದ ಎದ್ದು ಕಾಣುತ್ತವೆ.

ಪಾಲಿಶ್ ಮಾಡುವವರು ಅಗಸೆ ಎಣ್ಣೆ ಬಳಸಿದರೆ, ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲು ಬಿಡಬೇಡಿ. ಆ ಎಣ್ಣೆ ಗಾಳಿ ಸೇರಿ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕಟ್ಟಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಒಂದೊಂದಾಗಿ ಬಿಡಿಸಿ ಮನೆಯ ಹೊರಗೆ ಹರಡಿ ಒಣಗಿಸಿ. ಆಗದಿದ್ದರೆ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ.