ಕ್ಷಮಿಸಿದರೆ ತಪ್ಪು ಮಾಡಿದವರಿಗೆ ಶಿಕ್ಷೆ ಬೇಡ ಅಂತಲಾ?

ಅಲ್ಲ. ಎರಡೂ ಬೇರೆ ಬೇರೆ. ಈ ಪ್ರಶ್ನೆ ಬಂದಾಗ ನನಗೆ ಮೊದಲು ನೆನಪಾಗುವುದು ಗ್ಲಾಡಿಸ್ ಸ್ಟೇನ್ಸ್.

ಅವರ ಗಂಡ ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದ ಮಿಷನರಿ. ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಆರೈಕೆ ಮಾಡುತ್ತಿದ್ದರು. 1999ರ ಜನವರಿ 22ರ ರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ ಇಬ್ಬರು ಗಂಡುಮಕ್ಕಳ ಜೊತೆ ಗಾಡಿಯೊಳಗೆ ಮಲಗಿದ್ದರು. ಒಂದು ಗುಂಪು ಬಂದು ಗಾಡಿಗೆ ಬೆಂಕಿ ಹಚ್ಚಿ ಮೂವರನ್ನೂ ಕೊಂದಿತು. ಫಿಲಿಪ್‌ಗೆ 10 ವರ್ಷ, ತಿಮೋತಿಗೆ ಬರೀ 6.

ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಗ್ಲಾಡಿಸ್. ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಎಂದು ಶಿಷ್ಯ ಪೇತ್ರ ಕೇಳಿದಾಗ, ಏಳೆಪ್ಪತ್ತು ಸಲ ಎಂದು ಯೇಸು ಹೇಳಿದ್ದು ಬೈಬಲ್ಲಿನಲ್ಲಿದೆ. ಅಂದರೆ ಲೆಕ್ಕ ಇಡಬೇಡ ಅಂತ. ಸುಮ್ನೆ ಓದಿಕೊಂಡು ಹೋಗುವಾಗ ಸುಲಭ ಅನಿಸುತ್ತೆ, ಅಲ್ವಾ? ಗ್ಲಾಡಿಸ್ ಮಗಳ ಜೊತೆ ಬಾರಿಪದದಲ್ಲೇ ಉಳಿದು, ಅದೇ ರೋಗಿಗಳನ್ನು ಇನ್ನೂ ಐದು ವರ್ಷ ನೋಡಿಕೊಂಡರು. ನನಗೆ ಮಾತಿಗಿಂತ ಇದೇ ಜಾಸ್ತಿ ದೊಡ್ಡದು. 2005ರಲ್ಲಿ ಪದ್ಮಶ್ರೀ ಬಂತು.

ಇತ್ತ ಕೇಸು ತನ್ನ ಪಾಡಿಗೆ ನಡೆಯಿತು. ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ ಮೊದಲು ಗಲ್ಲು ಶಿಕ್ಷೆಯಾಯಿತು. 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಗ್ಲಾಡಿಸ್ ಬಿಟ್ಟಿದ್ದು ತಮ್ಮ ದ್ವೇಷವನ್ನು. ಶಿಕ್ಷೆ ಕೊಡುವ ಕೆಲಸ ಕಾನೂನಿನದೇ ಆಗಿತ್ತು.

ಒಂದು ಮಾತು: ಇದನ್ನು ತೋರಿಸಿ, ನೊಂದ ಬೇರೆಯವರಿಗೆ ‘ನೀವೂ ಕ್ಷಮಿಸಿಬಿಡಿ’ ಅಂತ ಒತ್ತಾಯ ಮಾಡಬೇಡಿ. ಗ್ಲಾಡಿಸ್ ಅವರನ್ನು ಯಾರೂ ಒತ್ತಾಯಿಸಿರಲಿಲ್ಲ.