ಅಮ್ಮನಿಗೂ ಹೆಂಡತಿಗೂ ಮಾತಿಲ್ಲ, ಫ್ಯಾಮಿಲಿ ಥೆರಪಿಸ್ಟ್ ಹುಡುಕೋದು ಹೇಗೆ?

ಮಾತು ನಿಂತು ಆರು ತಿಂಗಳಾಯ್ತು, ಬೆಂಗಳೂರಲ್ಲಿ ಯಾರ ಹತ್ತಿರ ಹೋಗಲಿ, ಅಮ್ಮನನ್ನು ಹೇಗೆ ಒಪ್ಪಿಸಲಿ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಮಾತು ಬಿಟ್ಟಿದ್ದು ನಾನು ಮತ್ತು ಅಪ್ಪ. ತಿಪಟೂರಿನ ತೋಟ ಮಾರುವ ವಿಚಾರಕ್ಕೆ ಶುರುವಾದದ್ದು ಎರಡು ವರ್ಷ ಎಳೆಯಿತು. ಒಂದೇ ಹಾಲ್‌ನಲ್ಲಿ ಕೂತು ಒಂದೇ ಟಿವಿ ನೋಡುತ್ತಿದ್ದೆವು, ಅಷ್ಟೆ.

ಮೊದಲು ಹೋದ ಕಡೆ ದುಡ್ಡು ದಂಡ. ಹೊರಗೆ ಕೌನ್ಸೆಲರ್ ಅಂತ ಬೋರ್ಡ್. ನನ್ನೊಬ್ಬನ ಕಥೆ ಮುಕ್ಕಾಲು ಗಂಟೆ ಕೇಳಿಸಿಕೊಂಡು, "ಹಿರಿಯರು, ನೀವೇ ಸ್ವಲ್ಪ ಹೊಂದಿಕೊಂಡು ಹೋಗಿ" ಅಂದರು. ಈ ಮಾತನ್ನು ನಮ್ಮ ಚಿಕ್ಕಪ್ಪ ಕಾಫಿ ಕುಡೀತಾ ಬಿಟ್ಟಿಯಾಗೇ ಹೇಳಿದ್ದರು.

ಹಾಗಾಗಿ ಫೋನ್‌ನಲ್ಲೇ ಎರಡು ವಿಷಯ ಕೇಳಿಬಿಡಿ. ಓದಿದ್ದೇನು? ಕ್ಲಿನಿಕಲ್ ಸೈಕಾಲಜಿ ಅಥವಾ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ನಲ್ಲಿ ಎಂ.ಫಿಲ್ ಆಗಿದ್ದರೆ ಒಳ್ಳೆಯದು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅವರನ್ನು ನೋಂದಾಯಿಸುವ ಸರ್ಕಾರಿ ಸಂಸ್ಥೆ) ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಎರಡನೆಯದು ಇನ್ನೂ ಮುಖ್ಯ: ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿಸುತ್ತೀರಾ? ಒಬ್ಬೊಬ್ಬರನ್ನೇ ನೋಡುವವರು ಒಳ್ಳೆಯವರೇ ಇರಬಹುದು, ನಿಮಗೀಗ ಬೇಕಿರೋದು ಅದಲ್ಲ.

ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ಇದೆ. ನಮ್ಮಪ್ಪ ಆ ಹೆಸರು ಕೇಳಿದ್ದೇ ತಡ, ನನ್ನ ಹೆಂಡತಿಗೆ, "ಅವನಿಗೆ ಹೇಳಮ್ಮ, ನನಗೇನು ಹುಚ್ಚು ಹಿಡಿದಿಲ್ಲ" ಅಂದರು. ನಾನು ಅಲ್ಲೇ ಎದುರಿಗೇ ಕೂತಿದ್ದೆ! ಕೊನೆಗೆ ಅವರನ್ನು ಹೊರಡಿಸಿದ್ದು ಮೊಮ್ಮಗಳ ಹೊಟ್ಟೆನೋವು. ಎಂಟು ವರ್ಷದವಳು, ದಿನಾ ಬೆಳಿಗ್ಗೆ ನೋವು ಅನ್ನುತ್ತಿದ್ದಳು. ಮಕ್ಕಳ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೊಟ್ಟೆಯಲ್ಲಿ ಏನೂ ಇಲ್ಲ, ಮನೆಯವರೆಲ್ಲ ಹೋಗಿ ಬನ್ನಿ ಅಂತ ಫ್ಯಾಮಿಲಿ ಥೆರಪಿ ಮಾಡುವ ಖಾಸಗಿ ಕ್ಲಿನಿಕ್ಕಿಗೆ ಚೀಟಿ ಕೊಟ್ಟರು. ಒಂದು ಸಲಕ್ಕೆ 1,500 ರೂಪಾಯಿ.

ರೂಮಿನಲ್ಲಿ ಮಗಳು ಸೀದಾ ಹೋಗಿ ನನಗೂ ಅಪ್ಪನಿಗೂ ನಡುವಿನ ಕುರ್ಚಿಯಲ್ಲಿ ಕೂತಳು. ಥೆರಪಿಸ್ಟ್ ಮೇಡಂ ಜಗಳದ ವಿಷಯ ಎತ್ತಲೇ ಇಲ್ಲ. "ತಾತನ್ನ ಊಟಕ್ಕೆ ಯಾರು ಕರೀತಾರೆ?" ಅಂದರು. ಮಗಳು ಕೈ ಎತ್ತಿದಳು. "ತಾತನ ಬಿಪಿ ಮಾತ್ರೆ ಮುಗಿದಿದೆ ಅಂತ ಅಪ್ಪಂಗೆ ಯಾರು ಹೇಳ್ತಾರೆ?" ಮತ್ತೆ ಅವಳದೇ ಕೈ. ಮೂರನೇ ಸಲ ಆ ಕೈ ಮೇಲೆದ್ದಾಗ ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು.

ಆಮೇಲೆ ದೊಡ್ಡ ಹಾಳೆಯ ಮೇಲೆ ಮೂರು ತಲೆಮಾರು ಬರೆಸಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಯಾರಿಗೆ ಯಾರು ಹತ್ತಿರ, ಯಾರಿಗೆ ಆಗಲ್ಲ ಅನ್ನೋದಕ್ಕೆ ಬೇರೆ ಬೇರೆ ಗೆರೆ. ಮನೆಗೆ ಕೊಟ್ಟ ಕೆಲಸ ಒಂದೇ: ಮಗುವಿನ ಕೈಲಿ ಸುದ್ದಿ ಕಳಿಸಬಾರದು. ಮೊದಲ ವಾರ ಮನೆಯಲ್ಲಿ ಅರ್ಧ ಕೆಲಸವೇ ನಡೆಯಲಿಲ್ಲ.

ನಾಲ್ಕು ತಿಂಗಳಲ್ಲಿ ಏಳು ಸಲ ಹೋದೆವು. ತೋಟದ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ, ಆಗೋದೂ ಡೌಟು. ಆದರೆ ಈಗ ಅಪ್ಪ ಗೀಸರ್ ಕೈಕೊಟ್ಟರೆ ಬಾತ್‌ರೂಮಿನಿಂದಲೇ ನನ್ನ ಹೆಸರು ಹಿಡಿದು ಕೂಗುತ್ತಾರೆ.

ನಿಮ್ಮ ಅಮ್ಮನಿಗೆ "ನಿನ್ನನ್ನ ಸರಿ ಮಾಡಿಸ್ತೀನಿ" ಅನ್ನೋ ಧಾಟಿ ಬೇಡ. "ನಂಗೆ ನಿಭಾಯಿಸೋಕೆ ಆಗ್ತಿಲ್ಲಮ್ಮ, ಜೊತೆಗೆ ಬಾ" ಅನ್ನಿ. ಬರದಿದ್ದರೆ ಗಂಡ ಹೆಂಡತಿ ಇಬ್ಬರೇ ಶುರು ಮಾಡಿ. ಅಷ್ಟರವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಎಲ್ಲರನ್ನೂ ಒಟ್ಟಿಗೆ ಕೂರಿಸೋಕೆ ಹೋಗಬೇಡಿ. ಏಟು ತಿನ್ನುತ್ತಿರುವವರು ಮೊದಲು ಒಬ್ಬರೇ ಹೋಗಿ ಮಾತಾಡಲಿ, ಹೆಂಗಸರಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ.