ಹಗ್ಗ ಕಡಿಯುವುದು ಗಂಟಿನ ಪಕ್ಕದಲ್ಲೇ

ಈ ಸಲ ಬಂದ ಮೂರು ಪತ್ರಗಳೂ ಹಗ್ಗದ ಬಗ್ಗೆಯೇ ಇವೆ. ನನಗೆ ಬಹಳ ಖುಷಿಯಾಯಿತು. ಆನೆಗೊಂದಿಯಲ್ಲಿ ಹರಗೋಲು ಹಾಕುತ್ತಿದ್ದ ಮನೆಯಲ್ಲಿ ಹುಟ್ಟಿ, ಆಮೇಲೆ ಗೋವಾದಲ್ಲಿ ಹದಿನೆಂಟು ವರ್ಷ ಹಾಯಿದೋಣಿಗಳ ಹಗ್ಗ ಕಟ್ಟುವ ಕೆಲಸ ಮಾಡಿದವನು ನಾನು.

ಪ್ರಶ್ನೆ: ನನ್ನ ತಮ್ಮ ಹಾಯಿದೋಣಿಯಲ್ಲಿ ಕೆಲಸಕ್ಕಿದ್ದಾನೆ. ಸಂಕ್ರಾಂತಿಗೆ ಬಂದಾಗ ನಾನು ಟ್ರ್ಯಾಕ್ಟರಿಗೆ ಭತ್ತದ ಹುಲ್ಲು ಹೇರಿ ಹಗ್ಗ ಬಿಗಿಯುತ್ತಿದ್ದೆ. "ಅಣ್ಣಾ, ಗಂಟು ಹಾಕಿದ್ರ ಅರ್ಧ ತಾಕತ್ತು ಹೋತು. ನಮ್ಮ ಬೋಟಿನ್ಯಾಗ ಸ್ಪ್ಲೈಸ್ ಮಾಡ್ತೀವಿ, ಅಂದ್ರ ತುದಿ ಎಳಿ ಬಿಚ್ಚಿ ಹಗ್ಗದಾಗ ಹೆಣೀತೀವಿ" ಅಂದ. ಹೊಸ ಹಗ್ಗ, ಗಂಟೂ ಗಟ್ಟಿ. ಆದರೂ ಶಕ್ತಿ ಹೋಗುತ್ತಾ? (ಗಂಗಾವತಿ ತಾಲೂಕಿನ ರೈತರು)

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ. ಗಂಟು ಗಟ್ಟಿಯಾಗಿ ಕೂತಿರುವುದು ಬೇರೆ, ಹಗ್ಗಕ್ಕೆ ಶಕ್ತಿ ಉಳಿದಿರುವುದು ಬೇರೆ. ಮನೆಯಲ್ಲೇ ನೋಡಿ. ಒಂದು ಮೊಳ ಹೊಲಿಗೆ ದಾರ ತಗೊಳ್ಳಿ, ನಡುವೆ ಒಂದು ಗಂಟು ಹಾಕಿ, ಎರಡೂ ತುದಿ ಬೆರಳಿಗೆ ಸುತ್ತಿ ಎಳೆಯಿರಿ. ಹೆಚ್ಚುಕಮ್ಮಿ ಪ್ರತಿ ಸಲ ಗಂಟಿನ ಬಾಯಲ್ಲೇ ಕಡಿಯುತ್ತದೆ.

ಯಾಕೆ ಅಂದರೆ, ಹಗ್ಗ ನೆಟ್ಟಗಿದ್ದಾಗ ಎಲ್ಲ ಎಳೆಗಳೂ ಭಾರ ಹಂಚಿಕೊಳ್ಳುತ್ತವೆ. ಗಂಟಿನೊಳಗೆ ಹೋಗುವಾಗ ಹಗ್ಗ ತಟ್ಟನೆ ಬಾಗಬೇಕು. ತಿರುವಿನ ಹೊರಗಿನ ಎಳೆಗಳು ಬಿಗಿದುಕೊಳ್ಳುತ್ತವೆ, ಒಳಗಿನವು ಮುದುಡಿ ಸುಮ್ನೆ ಕೂರುತ್ತವೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿನ ಮಿಣಿ ಹಿಡಿದವರಲ್ಲಿ ಅರ್ಧ ಜನ ಕೈ ಬಿಟ್ಟರೆ ಉಳಿದವರಿಗೆ ಹೇಗಾಗುತ್ತೆ, ಹಾಗೆ. ಅದರ ಮೇಲೆ ಹಗ್ಗಕ್ಕೆ ಹಗ್ಗ ಉಜ್ಜಿ ಬಿಸಿಯಾಗುವುದೂ ಇದೆ.

ಗೋವಾದಲ್ಲಿ ನನ್ನ ಮೊದಲನೇ ವರ್ಷ ಒಂದು ದೋಣಿಯ ಹಾಯಿ ಏರಿಸುವ ಹಗ್ಗದ ತುದಿಗೆ ಸ್ಪ್ಲೈಸ್ ಮಾಡಲು ಟೈಮ್ ಇಲ್ಲ ಅಂತ ಹಗ್ಗ ಮಡಚಿ ಒಂದು ಮಾಮೂಲಿ ಗಂಟು ಹಾಕಿದ್ದೆ. ಜೋರು ಗಾಳಿಯಲ್ಲಿ ಹಾಯಿ ದಬಕ್ಕನೆ ಕೆಳಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಕಡಿದ ತುದಿ ಕೈಗೆ ತಗೊಂಡು ನೋಡಿದೆ. ಹಗ್ಗ ಉದ್ದಕ್ಕೂ ಹೊಸದರಂತೆ ಇತ್ತು. ಗಂಟು ಶುರುವಾಗುವ ಕಡೆ ಮಾತ್ರ ಎಳೆಗಳು ಕುಚ್ಚಿನ ಹಾಗೆ ಬಿಚ್ಚಿಕೊಂಡು, ಕೆಲವು ಕರಗಿ ಅಂಟಿಕೊಂಡು ಮಿಂಚುತ್ತಿದ್ದವು. ಆ ತುಂಡು ಈಗಲೂ ನನ್ನ ಡಬ್ಬಿಯಲ್ಲಿದೆ. ಕೆಲಸ ಕಲಿಯಲು ಬಂದ ಪ್ರತಿಯೊಬ್ಬ ಹುಡುಗನ ಕೈಗೂ ಅದನ್ನು ಕೊಡುತ್ತೇನೆ.

ನಿಮ್ಮ ಹಗ್ಗ 1000 ಕಿಲೋಗೆ ಕಡಿಯುತ್ತದೆ ಅಂತ ಇಟ್ಟುಕೊಳ್ಳಿ. ಮಾಮೂಲಿ ಒಂಟಿ ಗಂಟು ಹಾಕಿದರೆ ಸುಮಾರು 500ಕ್ಕೇ ಕಡಿಯಬಹುದು. ತುದಿಗೆ ಕುಣಿಕೆ ಮಾಡಲು ದೋಣಿಯವರು ದಿನಾ ಬಳಸುವ ಬೋಲಿನ್ ಗಂಟಿಗೆ 600ರಿಂದ 700. ಇಂಗ್ಲಿಷ್ ಎಂಟರ ಆಕಾರದ ಗಂಟಿಗೆ 750ರ ಆಸುಪಾಸು. ಮೂರೆಳೆ ಹಗ್ಗಕ್ಕೆ ಚೆನ್ನಾಗಿ ಹಾಕಿದ ಕಣ್ಣಿನ (ಕುಣಿಕೆಯ) ಸ್ಪ್ಲೈಸ್ ಆದರೆ 900ರಿಂದ 950. ಹಗ್ಗದ ಜಾತಿ, ಕಟ್ಟುವವರ ಕೈ ನೋಡಿಕೊಂಡು ಸ್ವಲ್ಪ ಆಚೀಚೆ ಆಗುತ್ತೆ.

ಸ್ಪ್ಲೈಸ್ ಅಂದರೆ ಹಗ್ಗದ ತುದಿಯ ಮೂರು ಎಳೆ ಬಿಡಿಸಿ, ತುದಿಯನ್ನು ಬಾಗಿಸಿ ಕಣ್ಣು ಮಾಡಿ, ಆ ಎಳೆಗಳನ್ನು ಅದೇ ಹಗ್ಗದ ಎಳೆಗಳ ಅಡಿಯಲ್ಲಿ ಹುರಿಗೆ ಎದುರಾಗಿ ಒಂದೊಂದೇ ತೂರಿಸುವುದು. ಒಂದರ ಮೇಲೆ, ಒಂದರ ಕೆಳಗೆ. ನಾರಿನ ಹಗ್ಗಕ್ಕೆ ಮೂರು ಸುತ್ತು ಸಾಕು. ನೈಲಾನ್ ಜಾರುತ್ತದೆ, ಐದು ಸುತ್ತಾದರೂ ಬೇಕು. ಕೊನೆಯ ಸುತ್ತುಗಳಲ್ಲಿ ಎಳೆ ತೆಳ್ಳಗೆ ಮಾಡುತ್ತಾ ಹೋಗಿ, ದಪ್ಪ ಒಮ್ಮೆಲೇ ನಿಂತರೆ ಅಲ್ಲೇ ಹೊರೆ ಬೀಳುತ್ತದೆ. ಎಳೆದಷ್ಟೂ ಹೆಣಿಗೆ ತಾನೇ ಬಿಗಿಯುತ್ತದೆ, ಎಲ್ಲೂ ಕಡಿದಾದ ತಿರುವಿಲ್ಲ. ನಮ್ಮಪ್ಪ ಪುಂಡಿ ನಾರಿನ ಹಗ್ಗ ಹೊಸೆದು ಹೀಗೇ ತುದಿ ತೂರಿಸುತ್ತಿದ್ದರು. ಸ್ಪ್ಲೈಸ್ ಅನ್ನೋ ಹೆಸರು ಅವರು ಕೇಳಿರಲಿಲ್ಲ. ಗೋವಾದಲ್ಲಿ ಅದನ್ನು ಮೊದಲ ಸಲ ನೋಡಿದಾಗ ನನಗೆ ಅಪ್ಪನ ಕೈ ನೆನಪಾಯಿತು.

ಹಾಗಂತ ದೋಣಿಯಲ್ಲಿ ಗಂಟೇ ಇಲ್ಲ ಅಂದುಕೊಳ್ಳಬೇಡಿ. ಸ್ಪ್ಲೈಸನ್ನು ಅವಸರದಲ್ಲಿ ಬಿಚ್ಚಲು ಆಗಲ್ಲ. ಬೋಲಿನ್ ಎಷ್ಟು ಭಾರ ತಿಂದರೂ ಭಾರ ಇಳಿದ ಮೇಲೆ ಬೆರಳಲ್ಲೇ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಕಾಯಂ ಇರುವ ತುದಿಗೆ ಸ್ಪ್ಲೈಸ್, ದಿನಾ ಬಿಚ್ಚಿ ಕಟ್ಟುವ ತುದಿಗೆ ಗಂಟು. ನೀವೂ ಹಾಗೇ ಮಾಡಿ. ಟ್ರಾಲಿಯ ಕೊಕ್ಕೆಗೆ ಹಾಕುವ ತುದಿಗೆ ಕಣ್ಣು ಹೆಣೆಯಿರಿ. ಇನ್ನೊಂದು ತುದಿಯನ್ನು ಕಂಬಿಗೆ ಎರಡು ಸುತ್ತು ಸುತ್ತಿ, ಆಮೇಲೆ ಎರಡು ಅರೆಗಂಟು ಹಾಕಿ. ಭಾರವನ್ನು ಮೊದಲು ಆ ಸುತ್ತುಗಳೇ ಹಿಡಿಯುತ್ತವೆ, ಗಂಟಿಗೆ ಬರುವುದು ಕಮ್ಮಿ. ಎಷ್ಟೇ ಚೆನ್ನಾಗಿ ಕಟ್ಟಿದರೂ ಕಡಿಯುವ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರೆ ಕೊಡಬೇಡಿ. ಬಿಗಿದ ಹಗ್ಗ ಕಡಿದರೆ ಚಾಟಿ ಬೀಸಿದ ಹಾಗೆ ಬರುತ್ತದೆ. ಮಕ್ಕಳನ್ನು ಆ ಸಾಲಿನಲ್ಲಿ ನಿಲ್ಲಿಸಲೇಬೇಡಿ.

ಪ್ರಶ್ನೆ: ಬಾವಿ ಹಗ್ಗ ಕಡಿದಾಗ ಎರಡು ತುದಿ ಸೇರಿಸಿ ಎಲ್ಲರೂ ಹಾಕುವ ಜೋಡಿ ಗಂಟು ಹಾಕಿದೆ. ಎರಡು ಸಲ ಕಳಚಿ ಕೊಡ ಬಾವಿಗೆ ಬಿತ್ತು. ಬೇರೆ ಯಾವ ಗಂಟು ಹಾಕಲಿ? (ದೇವಸೂಗೂರು, ರಾಯಚೂರು)

ಉತ್ತರ: ಆ ಜೋಡಿ ಗಂಟು ಮೂಟೆಯ ಬಾಯಿ ಕಟ್ಟಲು ಸರಿ, ಎರಡು ಹಗ್ಗ ಸೇರಿಸಲು ಖಂಡಿತ ಬೇಡ. ಒಂದು ತುದಿ ಅಡ್ಡಕ್ಕೆ ಜಗ್ಗಿದರೆ ಸಾಕು, ಮಗುಚಿಕೊಂಡು ಜಾರುತ್ತದೆ. ತಾತ್ಕಾಲಿಕಕ್ಕೆ ಶೀಟ್ ಬೆಂಡ್ ಅನ್ನುವ ಗಂಟು ಹಾಕಿ. ಒಂದು ಹಗ್ಗ ಮಡಚಿ ಹಿಡಿದು, ಇನ್ನೊಂದರ ತುದಿಯನ್ನು ಮಡಿಕೆಯೊಳಗಿಂದ ಮೇಲೆ ತಂದು, ಮಡಿಕೆಯ ಹಿಂದೆ ಸುತ್ತಿಸಿ ತನ್ನದೇ ಅಡಿಯಲ್ಲಿ ನುಗ್ಗಿಸಬೇಕು. ಹಿಂದೆ ಎರಡು ಸುತ್ತು ಕೊಟ್ಟರೆ ಇನ್ನೂ ಒಳ್ಳೆಯದು. ಇದರಲ್ಲಿ ಉಳಿಯುವುದೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಶಕ್ತಿ ಅಷ್ಟೇ, ಆದರೆ ಕೊಡಕ್ಕೆ ಸಾಕು. ಕಾಯಂ ಆಗಿ ಸೇರಿಸಬೇಕಾದರೆ ಎರಡೂ ತುದಿಯ ಎಳೆಗಳನ್ನು ಎದುರುಬದುರು ತೂರಿಸಿ ಹೆಣೆಯಬಹುದು. ಅಲ್ಲಿ ಹಗ್ಗ ದಪ್ಪವಾಗುತ್ತದೆ, ನಿಮ್ಮ ರಾಟೆಯಲ್ಲಿ ಸಿಕ್ಕಿಕೊಳ್ಳಬಹುದು. ದಪ್ಪವಾಗದ ಉದ್ದನೆಯ ಸ್ಪ್ಲೈಸ್ ಕೂಡ ಇದೆ, ಅದಕ್ಕೆ ಹಗ್ಗ ಬಹಳ ಹೋಗುತ್ತದೆ. ಬಾವಿಗಾದರೆ ಹೊಸ ಹಗ್ಗವೇ ವಾಸಿ.

ಪ್ರಶ್ನೆ: ಡೈನೀಮಾ ಅನ್ನುವ ಪ್ಲಾಸ್ಟಿಕ್ ನೂಲಿನ ಹಗ್ಗ ಉಕ್ಕಿಗಿಂತ ಗಟ್ಟಿ ಅಂತಾರೆ. ತರಿಸಿ ಗಂಟು ಹಾಕಿ ಬಳಸಬಹುದಾ? (ಬಳ್ಳಾರಿ)

ಉತ್ತರ: ಅದೇ ತೂಕದ ಉಕ್ಕಿಗಿಂತ ಗಟ್ಟಿ, ನಿಜ. ಆದರೆ ಗಂಟಿಗೆ ಆಗಿಬರಲ್ಲ. ಮೇಣ ಹಚ್ಚಿದಷ್ಟು ನುಣುಪು, ಬೋಲಿನ್ ಕೂಡ ಜಾರಿ ಬಿಚ್ಚಿಕೊಳ್ಳುತ್ತದೆ. ಜಾರದಿದ್ದರೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆಯುತ್ತದೆ. ಹನ್ನೆರಡು ಎಳೆಯ ಟೊಳ್ಳು ಹೆಣಿಗೆಯದಾದರೆ ತುದಿಯನ್ನು ಅದರ ಹೊಟ್ಟೆಯೊಳಗೇ ತೂರಿಸಿ ಹೊಲಿಯಬೇಕು. ದಪ್ಪದ 72 ಪಟ್ಟು ಉದ್ದ ಒಳಗೆ ಹೋಗಬೇಕು ಅನ್ನುವುದು ದೋಣಿಯವರ ಲೆಕ್ಕ. 6 ಮಿಲಿಮೀಟರ್ ಹಗ್ಗಕ್ಕೆ 43 ಸೆಂಟಿಮೀಟರ್. ಹಾಗೆ ಮಾಡಿದರೆ ಹೆಚ್ಚುಕಮ್ಮಿ ಪೂರ್ತಿ ಶಕ್ತಿ ಉಳಿಯುತ್ತದೆ. ಅಷ್ಟು ಮಾಡಲು ಆಗದಿದ್ದರೆ ದುಡ್ಡು ಹಾಕಬೇಡಿ, ಒಳ್ಳೆ ಪಾಲಿಯೆಸ್ಟರ್ ಹಗ್ಗ ತಗೊಳ್ಳಿ. ಬಿಸಿ ಸೈಲೆನ್ಸರಿನ ಹತ್ತಿರ ಮಾತ್ರ ಡೈನೀಮಾ ಕಟ್ಟಲೇಬೇಡಿ, 150 ಡಿಗ್ರಿ ಆಸುಪಾಸಿಗೇ ಅದು ಕರಗುತ್ತದೆ.